ಚುಕ್ಕೆ ಇಲ್ಲದ ಸಹಿ

ಹೂಹಾರಗಳ ರಿಬ್ಬನ್ ಓದಿ ಓದಿ ಡೆನಿಸ್ ಅವುಗಳನ್ನು ಸ್ಥಾನಮಾನ ನೋಡಿ ಜೋಡಿಸುತ್ತಿದ್ದ. ಹಾಲಿ ಶಾಸಕರದ್ದು ತಲೆಯ ಬಳಿ, ಸಹಕಾರಿ ಸಂಘದ್ದು ಕಾಲಿನ ಬಳಿ, ರಿಕ್ಷಾ ಚಾಲಕರದ್ದು ಜಾಗವಿದ್ದಲ್ಲಿ. ಗಾಜಿನ ಶೀತಪೆಟ್ಟಿಗೆಯೊಳಗೆ ಮಾಜಿ ಶಾಸಕ ಯಜ್ಞನಾರಾಯಣ ರಾಯರು ಮಲಗಿದ್ದರು. ಬದುಕಿದ್ದಾಗ ಹಾರ ಕೊರಳಿಗೆ ಬೀಳುವ ಮೊದಲೇ ಕಿತ್ತು ಪಕ್ಕದವರಿಗೆ ಹಾಕುತ್ತಿದ್ದ ಮನುಷ್ಯ. ಈಗ ಬೇಡವೆನ್ನುವ ಹಾಗಿರಲಿಲ್ಲ.

ಇನ್ನಂಜೆಯ ಆ ಅಂಗಳದಲ್ಲಿ ಬೆಳಗ್ಗೆಯಿಂದ ಜನವೋ ಜನ. ಕಾರ್ಕಳದವರು ರಾಯರ ಭಾಷಣ ನೆನೆದರು, ಉಡುಪಿಯವರು ಅವರ ಸ್ಕೂಟರ್ ನೆನೆದರು. ಎರಡು ಸಲ ಗೆದ್ದರೂ ಅವರು ಕ್ಷೇತ್ರ ಸುತ್ತಿದ್ದು ಅದರಲ್ಲೇ, ಹಿಂದೆ ಫೈಲು ಹಿಡಿದುಕೊಂಡು ಆಪ್ತ ಸಹಾಯಕ ಡೆನಿಸ್. ಮೂರನೆಯ ಸಲ ಮುನ್ನೂರು ಚಿಲ್ಲರೆ ಮತಗಳಿಂದ ಸೋತರು. ಸೋತ ಮರುದಿನವೇ ಕಾಪುವಿನಲ್ಲಿ ಯಾರದೋ ಉತ್ತರಕ್ರಿಯೆಗೆ ಹೋಗಿ ಕೂತು ಬಂದರು. ಇನ್ನು ಓಟು ಕೇಳಲಿಕ್ಕಿಲ್ಲವಲ್ಲ, ಆರಾಮವಾಗಿ ಕೂರಬಹುದು ಎಂದು ನಕ್ಕಿದ್ದರಂತೆ.

ರಾಯರ ಹೆಂಡತಿ ಸುಭಾಷಿಣಿ ಕುರ್ಚಿಯಿಂದಲೇ ಅವನ ಕೈ ಹಿಡಿದುಕೊಂಡರು. "ನೀನಿದ್ದದ್ದಕ್ಕೆ ಅವರ ಹೆಸರು ಉಳಿಯಿತು ಡೆನಿಸ್," ಎಂದರು. ಅವನಿಗೆ ಅವರ ಮುಖ ನೋಡಲಾಗಲಿಲ್ಲ.

ಆಗಲೇ ಸಾಲಿನಲ್ಲಿ ರಾಚವ್ವ ಕಂಡಳು, ಪಕ್ಕದಲ್ಲಿ ಮಗಳು ರಾಜಶ್ರೀ. ಮಣಿಪಾಲದ ಕಟ್ಟಡಗಳಿಗೆ ಮರಳು ಹೊರುವ ಹೆಂಗಸು ಆಕೆ. ಏಳು ವರ್ಷದಿಂದ ಉಡುಪಿಯ ಬಸ್ ನಿಲ್ದಾಣದಲ್ಲಿ ಇಳಕಲ್ ಸೀರೆ ಕಂಡರೆ ಸಾಕು, ಡೆನಿಸ್ ಅಂಗಡಿಯ ಮರೆಗೆ ಸರಿದುಬಿಡುತ್ತಿದ್ದ.

*

ರಾಯರಿಗೆ ಯಾರಿಗೂ ಇಲ್ಲವೆನ್ನಲು ಬಾರದು. ಕೇಳಿದವರಿಗೆಲ್ಲ ಶಿಫಾರಸು ಪತ್ರ ಕೊಡುವರು. ಅಷ್ಟೂ ಪತ್ರಗಳ ಕೆಲಸ ಮಾಡುತ್ತ ಕೂತರೆ ಅಧಿಕಾರಿಗಳು ಮನೆಗೆ ಹೋಗುವುದುಂಟೇ? ಅದಕ್ಕೊಂದು ಒಪ್ಪಂದವಾಗಿತ್ತು. ಸಹಿಯ ಅಡಿಯಲ್ಲಿ ಚುಕ್ಕೆ ಇದ್ದರೆ ಕೆಲಸ ಆಗಲೇಬೇಕು. ಇಲ್ಲದಿದ್ದರೆ ಫೈಲಿಗೆ ಸೇರಿಸಿ ಮರೆಯಬಹುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ರಾಯರು ಸಹಿ ಹಾಕುತ್ತ ಹೋಗುವರು, ಅವರು ಹೇಳಿದ್ದಕ್ಕೆ ಡೆನಿಸ್ ಚುಕ್ಕೆ ಇಡುವನು.

ಏಳು ವರ್ಷದ ಹಿಂದೆ ಒಂದು ದಿನ ರಾಚವ್ವ ಮಗಳಿಗೆ ಹಾಸ್ಟೆಲ್ ಕೇಳಿಕೊಂಡು ಬಂದಿದ್ದಳು. ಕಟ್ಟಡ ಮುಗಿದಲ್ಲೆಲ್ಲ ಶೆಡ್ಡು ಬದಲಾಗುವ ಬಾಳು. ಏಳನೆಯ ತರಗತಿ ಮುಗಿಸಿದ ಹುಡುಗಿ ಒಂದು ಕಡೆ ನಿಂತು ಓದಬೇಕಿತ್ತು. ರಾಯರು ಹುಡುಗಿಯಿಂದ ಮಗ್ಗಿ ಹೇಳಿಸಿ ತಲೆ ಸವರಿದರು. ತಾಯಿ ಮಗಳು ಹೊರಗೆ ಹೋದ ಮೇಲೆ, "ಇದು ಆಗಲೇಬೇಕು ಡೆನಿಸ್. ಚುಕ್ಕೆ ಇಡು, ಮರೀಬೇಡ," ಎಂದರು.

ಅಷ್ಟರಲ್ಲಿ ಫೋನ್ ಬಂತು. ಮಂತ್ರಿಗಳ ಕಾರು ಹೊತ್ತಿಗೆ ಮೊದಲೇ ಕಾಪು ಮುಟ್ಟಿತ್ತು. ಡೆನಿಸ್ ಪತ್ರವನ್ನು ಮಡಚಿ ರಾಚವ್ವನ ಕೈಗಿತ್ತು ಓಡಿದ. ಅವರ ಜೊತೆ ಹೋಗಿ ಕಾರ್ಕಳದ ಸಭೆಯಲ್ಲಿ ಕೂತಾಗ ಚುಕ್ಕೆ ನೆನಪಾಯಿತು. ನಾಳೆ ಆಫೀಸಿಗೆ ಹೇಳಿದರಾಯಿತು ಅಂದುಕೊಂಡ. ನಾಳೆಗೆ ನೂರೆಂಟು ಕೆಲಸಗಳಿದ್ದವು. ಎರಡು ತಿಂಗಳ ಮೇಲೆ ರಾಯರು ವಿಚಾರಿಸಿದಾಗ, ಆಯಿತು ಸರ್ ಎಂದುಬಿಟ್ಟ. ಒಂದು ಸುಳ್ಳಿಗೆ ಎಷ್ಟು ಆಯುಸ್ಸು ಎಂದು ಆಗ ಅವನಿಗೆ ತಿಳಿದಿರಲಿಲ್ಲ.

ಹೋದ ವಾರ ಹಾಸಿಗೆಯಿಂದ ರಾಯರು ಕೇಳಿದ್ದರು, "ಆ ಮಗ್ಗಿ ಹೇಳಿದ ಹುಡುಗಿ ಈಗ ಕಾಲೇಜಲ್ಲಿ ಇರಬೇಕು, ಅಲ್ವಾ?"

"ಹೌದು ಸರ್," ಎಂದಿದ್ದ ಡೆನಿಸ್. ಅವರು ನೆಮ್ಮದಿಯಿಂದ ಕಣ್ಣು ಮುಚ್ಚಿದ್ದರು.

*

ರಾಚವ್ವ ಪೆಟ್ಟಿಗೆಯ ಬಳಿ ಬಂದವಳು ಕೈ ಮುಗಿಯಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ಪತ್ರ ತೆಗೆದಳು. ಹಾಸ್ಟೆಲ್ ಕಚೇರಿಯಲ್ಲಿದ್ದ ಗುಮಾಸ್ತನೊಬ್ಬ ನಿವೃತ್ತನಾದ ಮೇಲೆ ಫೈಲಿನಲ್ಲಿದ್ದ ಆ ಪತ್ರ ಮರಳಿಸಿ ಚುಕ್ಕೆಯ ಗುಟ್ಟು ಹೇಳಿದನಂತೆ. ಸೀಟು ಸಿಗದ ವರ್ಷವೇ ರಾಜಶ್ರೀ ಬುಟ್ಟಿ ಹೊತ್ತಳಂತೆ. ಅಷ್ಟನ್ನು ಅವಳು ಊರಿನ ಸುದ್ದಿ ಹೇಳುವ ಹಾಗೆ ಹೇಳಿದಳು. ಆಮೇಲೆ ಡೆನಿಸನ ಕಡೆ ತಿರುಗಿ ದನಿ ತಗ್ಗಿಸಿದಳು.

"ಖರೇ ಹೇಳ್ರಿ ಸಾಹೇಬ್ರ. ನನ್ನ ಮುಂದ ಮಗಳ ತಲಿ ಸವರಿ, ಹಿಂದ ಇವ್ರ ಚುಕ್ಕಿ ಬ್ಯಾಡ ಅಂದ್ರೇನು?"

ಡೆನಿಸ್ ಸುತ್ತ ನೋಡಿದ. ಹೇಳಿಬಿಡಬೇಕು, ಈಗಲ್ಲದಿದ್ದರೆ ಇನ್ನಿಲ್ಲ ಅನಿಸಿತು. ನಾಲ್ಕು ಹೆಜ್ಜೆ ಆಚೆ ಸುಭಾಷಿಣಿ ಕೂತಿದ್ದರು. ಹಾಲಿ ಶಾಸಕರು, ಇಂಥ ನಿಯತ್ತಿನ ಮನುಷ್ಯ ನಮಗೂ ಬೇಕು ಎಂದು ಯಾರಿಗೋ ಅವನನ್ನೇ ತೋರಿಸುತ್ತಿದ್ದರು. ಹತ್ತು ವರ್ಷ ಕಚೇರಿಯ ಬಾಗಿಲಲ್ಲಿ ನಿಂತು ಉತ್ತರ ಕೊಟ್ಟ ಅದೇ ದನಿ ತಾನಾಗಿ ಹೊರಬಂತು.

"ಹೌದು. ಅವರೇ ಬೇಡ ಅಂದದ್ದು."

ರಾಚವ್ವ ಅಳಲಿಲ್ಲ, ಶಪಿಸಲಿಲ್ಲ. ಪತ್ರವನ್ನು ಮೊದಲಿನ ಹಾಗೆಯೇ ಮಡಚಿ ಚೀಲಕ್ಕೆ ಹಾಕಿದಳು. ರಾಜಶ್ರೀ ಮಾತ್ರ ಮುಂದೆ ಬಂದು, ಸಿಮೆಂಟು ತಿಂದು ಬಿರಿದ ಅಂಗೈಯನ್ನು ರಾಯರ ಮುಖದ ಮೇಲಿನ ಗಾಜಿಗೆ ಒತ್ತಿ ಹಿಡಿದಳು. ಹಿಂದಿನವರು ಮುಂದೆ ಹೋಗಲು ಹೇಳುವ ತನಕ ಹಾಗೆಯೇ ನೋಡುತ್ತ ನಿಂತಿದ್ದಳು. ಆಮೇಲೆ ತಾಯಿಯ ಹಿಂದೆ ಗೇಟು ದಾಟಿದಳು.

ಫೋಟೋ ತೆಗೆಯುವವರು ಬಂದರು. ಗಾಜಿನ ಮೇಲೆ ಅಂಗೈ ಗುರುತು ಉಳಿದಿತ್ತು. ಡೆನಿಸ್ ಕರವಸ್ತ್ರದಿಂದ ಗಾಜನ್ನು ಚೆನ್ನಾಗಿ ಒರೆಸಿ ಪಕ್ಕಕ್ಕೆ ಸರಿದ. ಒಳಗೆ ಮಂಜುಗಡ್ಡೆಯ ಚಳಿ, ಹೊರಗೆ ಮೇ ತಿಂಗಳ ಸೆಕೆ. ಗಾಜು ಮೆಲ್ಲಗೆ ಮಸುಕಾಯಿತು, ಆ ಮಸುಕಿನಲ್ಲಿ ರಾಯರ ಬಾಯಿಯ ಮೇಲೆ ಐದೂ ಬೆರಳು ಮತ್ತೆ ಮೂಡಿದವು.