ಪಟ್ಟಿಯಲ್ಲಿಲ್ಲದವಳಿಗೆ ಮೊದಲ ಪತ್ರ

ಬಡ್ತಿ ಅರ್ಜಿಯ ಒಂಬತ್ತನೆಯ ಕಲಮು ಕೇಳುತ್ತಿದ್ದದ್ದು ಒಂದೇ ಸಂಖ್ಯೆಯನ್ನು: ನಿಮ್ಮ ಪ್ರಬಂಧಗಳನ್ನು ಇತರ ಸಂಶೋಧಕರು ಈವರೆಗೆ ಎಷ್ಟು ಬಾರಿ ಉಲ್ಲೇಖಿಸಿದ್ದಾರೆ? ಐನೂರಕ್ಕಿಂತ ಕಡಿಮೆಯಿದ್ದರೆ ಪ್ರಾಧ್ಯಾಪಕ ಹುದ್ದೆಯಿಲ್ಲ. ವಿಜ್ಞಾನಿಯ ಮೊತ್ತ ಒಂಬೈನೂರ ಹನ್ನೊಂದು. ಅದರಲ್ಲಿ ಐನೂರ ಎಪ್ಪತ್ತನಾಲ್ಕು, ಹನ್ನೊಂದು ವರ್ಷಗಳ ಹಿಂದೆ ಅವಳು ಬರೆದ ಒಂದೇ ಪ್ರಬಂಧದ ಗಳಿಕೆ. ಒಂದು ಔಷಧ ಮೂತ್ರಪಿಂಡದ ಕೋಶಗಳನ್ನು ಕಾಪಾಡುತ್ತದೆಂದು ಆ ಪ್ರಬಂಧ ಸಾರಿತ್ತು.

ಅರ್ಜಿ ಸಲ್ಲಿಸಲು ಸಂಜೆ ಐದರವರೆಗೆ ಸಮಯವಿತ್ತು. ಬೆಳಿಗ್ಗೆ ಹತ್ತಕ್ಕೆ ಚಿಕ್ಕಮ್ಮ ಒಂದು ಕಾಗದ ತಂದು ಮೇಜಿನ ಮೇಲಿಟ್ಟಳು. ಚಿಕ್ಕಮ್ಮ ಪ್ರಯೋಗಾಲಯದ ತಂತ್ರಜ್ಞೆ. ಇಪ್ಪತ್ತು ವರ್ಷಗಳಿಂದ ಕೋಶಗಳಿಗೆ ಉಣಿಸಿ ಸಾಕಿದವಳು, ಹಾಗಾಗಿ ಇಡೀ ಮಹಡಿಗೇ ಚಿಕ್ಕಮ್ಮ.

“ಹಳೇ ಕೋಶಗಳ ಗುರುತು ಪರೀಕ್ಷೆ ವರದಿ ಬಂದಿದೆ ಕಣಮ್ಮ. ಕೂತ್ಕೊಂಡು ಓದು.”

ವಿಜ್ಞಾನಿ ನಿಂತೇ ಓದಿದಳು. ಆ ಪ್ರಬಂಧಕ್ಕೆ ಬಳಸಿ, ಅಂದಿನಿಂದ ಹೆಪ್ಪುಗಟ್ಟಿಸಿ ಇಟ್ಟಿದ್ದ ಸೀಸೆಯಲ್ಲಿ ಮೂತ್ರಪಿಂಡದ ಕೋಶ ಒಂದೂ ಇರಲಿಲ್ಲ. ಇದ್ದದ್ದೆಲ್ಲ ಗರ್ಭಕೊರಳಿನ ಕ್ಯಾನ್ಸರ್ ಕೋಶ.

ಅವಳಿಗೆ ಆ ಪ್ರಬಂಧ ಬರೆದ ಬೇಸಿಗೆ ನೆನಪಾಯಿತು. ಎರಡು ಬಗೆಯ ಕೋಶಗಳಿಗೆ ಎರಡು ಬಾಟಲಿ ಪೋಷಕ ದ್ರವ ಬೇಕೆಂಬುದು ಮೊದಲ ದಿನವೇ ಕಲಿಸುವ ಪಾಠ. ಪ್ರಬಂಧ ಮುಗಿಸುವ ಆತುರದಲ್ಲಿ ಅವಳು ಮೂತ್ರಪಿಂಡದ ಕೋಶಗಳಿಗೂ ಪಕ್ಕದ ಕ್ಯಾನ್ಸರ್ ಕೋಶಗಳಿಗೂ ಒಂದೇ ಬಾಟಲಿಯಿಂದ ಹಾಕಿದ್ದಳು. ದ್ರವ ಎಳೆದು ಹಾಕುವ ಪಿಪೆಟ್ಟಿನ ತುದಿಯಿಂದ ದಾಟಿದ ಕ್ಯಾನ್ಸರ್ ಕೋಶಗಳು ಒಂದೆರಡೇ ಇದ್ದಿರಬಹುದು. ಬಾಡಿಗೆಗೆ ಬಂದು ಮನೆಯನ್ನೇ ನುಂಗುವವರ ಹಾಗೆ ಕೆಲವೇ ವಾರಗಳಲ್ಲಿ ಅವು ಎಲ್ಲವನ್ನೂ ಆಕ್ರಮಿಸಿಕೊಂಡಿದ್ದವು.

“ಆ ಬಾಟಲಿ ತೆಗೆದುಕೊಟ್ಟೋಳು ನಾನು. ನನ್ ಮೇಲೆ ಹಾಕ್ಬಿಡು. ನಂಗೇನು, ಇನ್ನೆರಡು ವರ್ಷಕ್ಕೆ ನಿವೃತ್ತಿ,” ಎಂದಳು ಚಿಕ್ಕಮ್ಮ.

“ಪಿಪೆಟ್ ಹಿಡಿದಿದ್ದು ಯಾರ ಕೈ ಚಿಕ್ಕಮ್ಮ?”

“ನಿಂದೇ. ಎಷ್ಟು ಹೇಳಿದ್ರೂ ಕೇಳದ ಕೈ.”

ಬೆನ್ನ ಹಿಂದೆ ಎಲ್ಲರೂ ‘ಅಂಕಿ ಸಾಹೇಬ್ರು’ ಎನ್ನುತ್ತಿದ್ದ ನಿರ್ದೇಶಕರು ಅವಳು ಒಯ್ದುಕೊಟ್ಟ ವರದಿ ಓದಿ ಕನ್ನಡಕ ಒರೆಸಿಕೊಂಡರು. ಅವರ ಹಿಂದಿನ ಗೋಡೆಯ ಮೇಲೆ ಸಂಸ್ಥೆಯ ಉಲ್ಲೇಖಗಳ ನಕ್ಷೆ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಏರದೆ ಏನು? ಊಟಕ್ಕೆ ಕರೆದವರನ್ನು ತಿರುಗಿ ಕರೆಯುವ ಹಾಗೆ ಇಲ್ಲಿನವರು ಒಬ್ಬರನ್ನೊಬ್ಬರು ಉಲ್ಲೇಖಿಸಬೇಕೆಂಬುದು ಅವರದೇ ಕಟ್ಟಪ್ಪಣೆ. ಸತ್ಯವನ್ನು ಹುಡುಕಲೆಂದು ಕಟ್ಟಿದ ಮನೆಯಲ್ಲಿ ಸತ್ಯವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಎಣಿಸುತ್ತಿದ್ದರು.

“ಬಡ್ತಿ ಆಗ್ಲಿ, ಆಮೇಲೆ ನಿಧಾನಕ್ಕೆ ಪ್ರಬಂಧ ವಾಪಸ್ ತಗೊಳ್ಳಿ. ಕೋಶಗಳೇನು ಓಡಿ ಹೋಗ್ತವಾ?”

“ಕೋಶ ಓಡಲ್ಲ ಸರ್. ಅದನ್ನ ನಂಬಿ ಓಡ್ತಿರೋರು ನಿಲ್ಲಲ್ಲ. ಹೋದ ತಿಂಗಳು ಒಂದು ಆಸ್ಪತ್ರೆಯೋರು ಆ ಔಷಧಾನ ರೋಗಿಗಳಿಗೆ ಕೊಡೋಕೆ ಅನುಮತಿ ಕೇಳಿದಾರೆ. ಆಧಾರ ಅಂತ ಮೊದಲು ಬರೆದಿರೋದೇ ನನ್ನ ಪ್ರಬಂಧ.”

“ಮುನ್ನೂರ ಮೂವತ್ತೇಳಕ್ಕೆ ಇಳೀತೀರಮ್ಮ. ಇನ್ನೊಂದು ಸಲ ಯೋಚನೆ ಮಾಡಿ.”

“ಕಳೆಯೋ ಲೆಕ್ಕ ನಂಗೂ ಬರುತ್ತೆ ಸರ್.”

ಮಧ್ಯಾಹ್ನ ಗಂಡನಿಗೆ ಫೋನ್ ಮಾಡಿ ತಿಳಿಸಿದಳು. “ಪ್ರಾಧ್ಯಾಪಕಿಯ ಗಂಡ ಅನ್ನಿಸ್ಕೊಳ್ಳೋ ಯೋಗ ನಂಗಿಲ್ವಾ ಹಾಗಾದ್ರೆ?” ಎಂದು ನಕ್ಕ ಅವನು, “ಬರೆದ್ಬಿಡೇ. ಇಲ್ಲಾಂದ್ರೆ ಮನೇಲಿ ಯಾರನ್ನೂ ನೆಮ್ಮದಿಯಾಗಿ ಇರೋಕೆ ಬಿಡಲ್ಲ ನೀನು,” ಎಂದ.

ಪ್ರಬಂಧ ಪ್ರಕಟಿಸಿದ್ದ ಪತ್ರಿಕೆಯ ಸಂಪಾದಕರಿಗೆ ಬರೆಯಲು ಕುಳಿತಳು. ‘ಅಚಾತುರ್ಯದಿಂದ’ ಎಂದು ಬರೆದು ಹೊಡೆದುಹಾಕಿದಳು. ‘ಬೆರಕೆಯಾಗಿರುವುದು ಕಂಡುಬಂದಿದೆ’ ಎಂಬುದನ್ನೂ ಹೊಡೆದಳು. ತಪ್ಪಿಗೆ ಕರ್ತೃವೇ ಇಲ್ಲವೆಂಬಂತೆ ನಟಿಸುವ ವಾಕ್ಯ ಅದು. ಕೊನೆಗೆ ಉಳಿದದ್ದು: ‘ಒಂದೇ ಬಾಟಲಿಯನ್ನು ಎರಡು ಬಗೆಯ ಕೋಶಗಳಿಗೆ ಬಳಸಿದವಳು ನಾನು. ಪ್ರಬಂಧವನ್ನು ಹಿಂಪಡೆಯಿರಿ.’ ಅದರ ಪ್ರತಿಯನ್ನು ಆಸ್ಪತ್ರೆಗೂ ಕಳುಹಿಸಿದಳು. ನಾಲ್ಕೂವರೆಗೆ ಒಂಬತ್ತನೆಯ ಕಲಮಿನಲ್ಲಿ ಮುನ್ನೂರ ಮೂವತ್ತೇಳು ಎಂದು ತುಂಬಿ ಅರ್ಜಿ ಸಲ್ಲಿಸಿದಳು.

ಬಳಿಕ, ತನ್ನನ್ನು ಉಲ್ಲೇಖಿಸಿದ ಐನೂರ ಎಪ್ಪತ್ತನಾಲ್ಕು ಪ್ರಬಂಧಗಳ ಪಟ್ಟಿಯನ್ನು ತೆರೆದಳು. ಇಷ್ಟು ದಿನ ಅದು ಅವಳಿಗೆ ಮೊತ್ತವಾಗಿತ್ತು; ಈಗ, ಅವಳ ಮಾತನ್ನು ನಂಬಿ ಕೆಟ್ಟವರ ಹೆಸರುಗಳು. ದಿನಕ್ಕೆ ಹತ್ತು ಪತ್ರ ಬರೆದರೂ ಎರಡು ತಿಂಗಳ ಕೆಲಸ.

“ಇವರಿಗೆಲ್ಲ ಬರೀತೀಯ, ಸರಿ,” ಎಂದಳು ಚಿಕ್ಕಮ್ಮ. “ಆ ಹುಡುಗಿಗೆ?”

“ಯಾವ ಹುಡುಗಿ?”

“‘ನಿಮ್ಮ ಫಲಿತಾಂಶ ನಂಗೆ ಬರ್ತಿಲ್ಲ, ಕೋಶಗಳನ್ನ ಒಂದ್ಸಲ ಪರೀಕ್ಷೆ ಮಾಡಿಸಿ’ ಅಂತ ಎರಡು ಸಲ ಬರೆದಿದ್ಳಲ್ಲ, ಸಂಶೋಧನಾ ವಿದ್ಯಾರ್ಥಿನಿ. ನೀನು ನಂಗೆ ಓದಿ ಹೇಳಿ ನಕ್ಕಿದ್ದೆ.”

ವಿಜ್ಞಾನಿ ಹಳೆಯ ಮೇಲ್‌ಗಳನ್ನು ಹುಡುಕಿದಳು. ಎರಡು ಪತ್ರಗಳಿದ್ದವು, ಸವಿನಯವಾಗಿ, ಅಂಕಿಅಂಶ ಸಮೇತ. ತಾನು ಕೊಟ್ಟ ಉತ್ತರ ಒಂದೇ ಸಾಲು: ‘ಮೊದಲು ಕೈ ಪಳಗಲಿ.’ ಪಟ್ಟಿಯಲ್ಲಿ ಆ ಹೆಸರು ಹುಡುಕಿದಳು. ಇರಲಿಲ್ಲ. ಫಲಿತಾಂಶ ಬಾರದವಳು ಪ್ರಬಂಧ ಬರೆಯುವುದಾದರೂ ಹೇಗೆ? ಹತ್ತು ವರ್ಷಗಳ ಹಿಂದೆಯೇ ಸರಿ ಹೇಳಿದ್ದ ಒಬ್ಬಳೇ ಒಬ್ಬಳು ಯಾರ ಎಣಿಕೆಗೂ ಸಿಕ್ಕಿರಲಿಲ್ಲ.

ಅವಳನ್ನು ಪತ್ತೆಹಚ್ಚಲು ಅರ್ಧ ಗಂಟೆ ಹಿಡಿಯಿತು. ಸಂಶೋಧನೆ ಬಿಟ್ಟು ಯಾವುದೋ ರಕ್ತಪರೀಕ್ಷಾ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ವಿಜ್ಞಾನಿ ಬೆನ್ನು ನೆಟ್ಟಗೆ ಮಾಡಿ ಕುಳಿತು ಬರೆದಳು: ‘ನೀವು ಹೇಳಿದ್ದೇ ಸರಿ. ಪಳಗಬೇಕಾಗಿದ್ದದ್ದು ನನ್ನ ಕೈ. ಸಂಪಾದಕರಿಗೆ ಬರೆದ ಪತ್ರಕ್ಕೆ ನಿಮ್ಮ ಎರಡೂ ಪತ್ರಗಳನ್ನು ಸೇರಿಸಿ, ನಿಮ್ಮ ಹೆಸರಿನೊಂದಿಗೆ ಅಚ್ಚು ಮಾಡಿಸಲು ನಿಮ್ಮ ಅಪ್ಪಣೆ ಕೇಳುತ್ತಿದ್ದೇನೆ.’

ಚಿಕ್ಕಮ್ಮ ಕುರ್ಚಿಯೊಂದನ್ನು ಎಳೆದು ಪಕ್ಕದಲ್ಲಿ ಕುಳಿತಳು. “ಹೂಂ, ಪಟ್ಟಿ ಓದು. ನೀನು ಪತ್ರ ಬರೆದ ಹೆಸರುಗಳ ಮುಂದೆ ನಾನು ಗುರುತು ಹಾಕ್ತಾ ಹೋಗ್ತೀನಿ.”

ವಿಜ್ಞಾನಿ ಮೊದಲ ಹೆಸರನ್ನು ಗಟ್ಟಿಯಾಗಿ ಓದಿದಳು.