ಕಿಟಕಿಯ ಬಳಿಯ ಎಣ್ಣೆ

ಸರಾಂಡೋಸ್ ಎಣ್ಣೆಯ ಡಬ್ಬ ಹೊತ್ತುಕೊಂಡು ಬಂದಾಗ ಪಕ್ಕದ ಮನೆಯ ಗರುಫಾಲಿಯಾ ಅಂಗಳದಲ್ಲಿ ಸಾಬೂನಿನ ಹಂಡೆಯ ಕೆಳಗೆ ಬೆಂಕಿ ಮಾಡಿದ್ದಳು. ಚಳಿಗಾಲದಲ್ಲಿ ಊರಿನವರು ಕೆಟ್ಟ ಆಲಿವ್ ಎಣ್ಣೆಯನ್ನು ಅವಳ ಹಂಡೆಗೆ ತಂದು ಸುರಿಯುವುದು, ವಸಂತಕ್ಕೆ ಸಾಬೂನಿನ ಬಿಲ್ಲೆ ಒಯ್ಯುವುದು ವಾಡಿಕೆ.

"ಈ ವರ್ಷದ್ದೂ ಹೋಯ್ತು ತಾಯಿ. ಬೆಳ್ಳಗೆ ಗಟ್ಟಿಯಾಗಿಬಿಟ್ಟಿದೆ. ಒಬ್ಬನೇ ಕಾಯಿ ಕಿತ್ತೆನಲ್ಲ, ಏನೋ ತಪ್ಪು ಮಾಡಿದೀನಿ. ಸ್ಟಮಾಟಿಯಾ ಇದ್ದಾಗ ಒಂದು ಸಲಾನೂ ಹೀಗಾಗಿರಲಿಲ್ಲ."

ಗರುಫಾಲಿಯಾ ಡಬ್ಬದಿಂದ ಒಂದು ಸೌಟು ಎಣ್ಣೆ ತೆಗೆದು ಬೆಂಕಿಯ ಹತ್ತಿರ ಹಿಡಿದಳು. ಬಿಳುಪು ಅಂಚಿನಿಂದ ಕರಗುತ್ತಾ ಬಂದು ಹಸಿರು ಎಣ್ಣೆ ತಿಳಿಯಾಯಿತು. ಮೂಸಿದಳು, ಬೆರಳದ್ದಿ ನೆಕ್ಕಿದಳು.

"ಸರಾಂಡೋಸಣ್ಣ, ನಿಮ್ಮನೆ ಅಡುಗೆ ಒಲೆ ಹೊತ್ತಿಸಿ ಎಷ್ಟು ಕಾಲ ಆಯ್ತು?"

ಹೆಂಡತಿ ಸ್ಟಮಾಟಿಯಾ ತೀರಿಕೊಂಡ ಮೇಲೆ ಅವನು ಮಲಗುವ ಕೋಣೆಯೊಂದನ್ನೇ ಬೆಚ್ಚಗಿಟ್ಟುಕೊಂಡು, ಬ್ರೆಡ್ಡು ಚೀಸು ಅಲ್ಲೇ ತಿಂದು ದಿನ ಕಳೆಯುತ್ತಿದ್ದ; ಎಣ್ಣೆಯ ಡಬ್ಬ ತಣ್ಣನೆಯ ಅಡುಗೆಮನೆಯಲ್ಲೇ ಇತ್ತು.

"ಚಳಿಗೆ ಹೆಪ್ಪುಗಟ್ಟಿದೆ ಅಷ್ಟೆ, ಎಣ್ಣೆಗೇನೂ ಆಗಿಲ್ಲ. ಇದನ್ನ ಹಂಡೆಗೆ ಹಾಕಿದ್ರೆ ಊರೆಲ್ಲ ನನ್ನ ಮುಖಕ್ಕೆ ಉಗಿಯತ್ತೆ."

"ಒಳ್ಳೆ ಎಣ್ಣೆ ಹೇಗಿರತ್ತೆ ಅಂತ ನನಗೂ ಗೊತ್ತು. ಇರು, ತೋರಿಸ್ತೀನಿ."

ಅವನು ಮನೆಗೆ ಹೋಗಿ, ಕೋಟಿನೊಳಗೆ ಒಂದು ಗಾಜಿನ ಸೀಸೆ ಅವಚಿಕೊಂಡು ಬಂದ. ಗಂಡಹೆಂಡತಿ ಜೊತೆಯಾಗಿ ಕಿತ್ತ ಕೊನೆಯ ಬೆಳೆಯಲ್ಲಿ ಉಳಿದದ್ದು ಇದೊಂದೇ. ಎರಡು ವರ್ಷದಿಂದ ಮಲಗುವ ಕೋಣೆಯ ಕಿಟಕಿಯಲ್ಲಿ ಅವಳ ಫೋಟೋದ ಪಕ್ಕ ಇಟ್ಟಿದ್ದ. ಒಳಗಿನ ಪರಿಮಳ ಹೋಗಿಬಿಟ್ಟೀತೆಂದು ಬಿರಡೆಯನ್ನೂ ತೆಗೆದಿರಲಿಲ್ಲ.

ಗರುಫಾಲಿಯಾ ಬಿರಡೆ ತೆಗೆದು ಮೂಸಿ, ಸೀಸೆಯನ್ನು ಮುಖದಿಂದ ದೂರ ಹಿಡಿದಳು.

"ಹೇಳು ಮತ್ತೆ."

"ಕಮಟು ಹಿಡಿದಿದೆ, ಅಣ್ಣ. ಬಿಸಿಲಿಗೆ ಇಟ್ಟಿದ್ರಾ? ಮೊದಲು ಹಸಿರಾಗಿತ್ತಲ್ವಾ ಇದು?"

"ಎಷ್ಟು ತಿಳಿಯಾಗಿದೆ ನೋಡು. ಒಂದೆಳೆ ಬಿಳುಪಿಲ್ಲ."

"ಮೂಸಿ ನೋಡಿ."

ಮೂಸಿದ. ಹಳೆಯ ಪೇಂಟ್ ಡಬ್ಬದ ವಾಸನೆ.

"ಇದನ್ನೂ ಬೆಂಕಿ ಹತ್ರ ಹಿಡಿ," ಎಂದ.

ಏನಾಗುವುದೆಂದು ಅವಳಿಗೆ ಗೊತ್ತಿತ್ತು. ಆದರೂ ಒಂದು ಸೌಟು ಕಾಯಿಸಿದಳು. ವಾಸನೆ ಇನ್ನೂ ಹೆಚ್ಚಾಯಿತು.

"ಹೆಪ್ಪುಗಟ್ಟಿದ್ದು ಕರಗಿ ಮೊದಲಿನ ಹಾಗೇ ಆಗತ್ತೆ. ಇದು ಒಳಗೇ ಬೇರೆ ಏನೋ ಆಗ್ಬಿಟ್ಟಿದೆ, ಇನ್ನು ವಾಪಸ್ ಬರಲ್ಲ. ದೇವರ ದೀಪಕ್ಕಾದ್ರೂ ಇಟ್ಕೊಳ್ಳಿ."

"ಬೇಡ. ಈ ವಾಸನೆ ಅವಳಿಗೆ ಆಗ್ತಿರಲಿಲ್ಲ."

ಸೀಸೆಯನ್ನು ಅವನೇ ಹಂಡೆಗೆ ಬಗ್ಗಿಸಿದ. ಎಣ್ಣೆ ಮುಗಿದರೂ ಹಾಗೇ ಹಿಡಿದು ನಿಂತ. ಗರುಫಾಲಿಯಾ ಕಾಸ್ಟಿಕ್ ಸೋಡಾದ ಬಕೆಟ್ ಎತ್ತಲು ಆ ಕಡೆ ತಿರುಗಿದಳು.

"ಮೊದಲ ಬಿಲ್ಲೆ ನಿಮಗೇ," ಎಂದಳು.

"ನಾನು ಕುತ್ತಿಗೆ ಸರಿಯಾಗಿ ಉಜ್ಜಿಕೊಳ್ಳಲ್ಲ ಅಂತ ಬೈತಿದ್ಲು. ಈಗ ಅವಳೇ ಉಜ್ಜಲಿ."

ಇಬ್ಬರೂ ಸ್ವಲ್ಪ ನಕ್ಕರು.

ಡಬ್ಬ ಹೊತ್ತು ಮನೆಗೆ ಬಂದು ಅವನು ಅಡುಗೆಮನೆಗೆ ಹೋದ. ಒಲೆಯಲ್ಲಿ ಸ್ಟಮಾಟಿಯಾ ಕೊನೆಯ ಸಲ ಉರಿಸಿದ್ದ ಬೆಂಕಿಯ ಬೂದಿ ಹಾಗೇ ಇತ್ತು. ಬಾಚಿ ತೆಗೆದು ಬೆಂಕಿ ಹೊತ್ತಿಸಿ, ಡಬ್ಬವನ್ನು ಒಲೆಯ ಪಕ್ಕ ಇಟ್ಟು ಮುಚ್ಚಳ ತೆರೆದ. ಬಿಳುಪು ನಿಧಾನಕ್ಕೆ ಅಂಚು ಬಿಟ್ಟಿತು.

"ಬಾ ಇಲ್ಲಿ, ನೋಡು" ಎಂದು ಅವಳನ್ನು ಕರೆಯಲು ಬಾಯಿ ತೆರೆದವನು, ಇನ್ನೊಂದು ಸೌದೆ ಒಲೆಗೆ ತಳ್ಳಿದ.