ಇಬ್ಬರ ಕೈಯಲ್ಲೂ ಊತ

ಚಾಮರಾಜಪುರಂನ ಶಿವನಂಜಮ್ಮನಿಗೆ ಅವಳಿ ಮಕ್ಕಳು: ಮಗ ಷಡಕ್ಷರಿ, ಮಗಳು ಗಿರಿಜಾಂಬಾ. ಇಬ್ಬರಿಗೂ ಹದಿನಾಲ್ಕು ತುಂಬಿತ್ತು. ಶಾಲೆಗೆ ಬಂದ ನರ್ಸು ಇಂದ್ರಮ್ಮ, ಕ್ಷಯದ ಪರೀಕ್ಷೆಗೆಂದು ಮಕ್ಕಳ ಮುಂಗೈಗೆ ಸಣ್ಣ ಸೂಜಿ ಚುಚ್ಚಿ, "ಮೂರನೇ ದಿನ ಕೈ ತೋರಿಸಬೇಕು" ಎಂದು ಹೇಳಿ ಕಳಿಸಿದ್ದರು.

ಸೂಜಿ ಚುಚ್ಚಿದ ಕಡೆ ಇಬ್ಬರಿಗೂ ಊದಿತು. ಷಡಕ್ಷರಿಯದು ದೊಡ್ಡ ಊತ. ಗಿರಿಜೆಯದು ಅದರ ಅರ್ಧವೂ ಇಲ್ಲ.

"ನನ್ ಮಗಂದು ಗಟ್ಟಿ ರಕ್ತ ಕಣ್ರೀ, ಎಂಗೆ ಎದ್ದದೆ ನೋಡಿ!" ಎಂದು ಶಿವನಂಜಮ್ಮ ಪಕ್ಕದ ಮನೆಯ ಮಾದೇವಮ್ಮನಿಗೆ ತೋರಿಸಿದಳು.

"ಊದಿದ್ರೆ ಕ್ಷಯ ಅಂತಾರಲ್ಲಮ್ಮ?" ಎಂದಳು ಮಾದೇವಮ್ಮ.

ಶಿವನಂಜಮ್ಮ ಹೆದರಿದಳು. ಆದರೆ ಆ ಭಯವೆಲ್ಲ ಹೋಗಿ ಕೂತದ್ದು ಮಗಳ ಮೇಲೆ. ನಾಳೆ ಗಂಡಿನ ಕಡೆಯವರಿಗೆ ಗೊತ್ತಾದರೆ? ಗಿರಿಜೆಗೆ ಬೇರೆ ತಟ್ಟೆ, ಬೇರೆ ಲೋಟ ಬಂತು. ಊಟ ಹಿತ್ತಲ ಜಗಲಿಯಲ್ಲಿ. ಶಾಲೆಯೂ ನಿಂತಿತು. ಷಡಕ್ಷರಿ ಸುಮ್ಮನಿರಲಿಲ್ಲ. ಜಗಲಿಗೆ ಹೋಗಿ ಅವಳ ಪಕ್ಕ ಕೂತು, ಅವಳ ತಟ್ಟೆಯಿಂದಲೇ ಒಂದು ತುತ್ತು ಸಾರನ್ನ ಬಾಯಿಗೆ ಹಾಕಿಕೊಂಡ. "ಲೋ, ಬುಡೋ!" ಎಂದು ಅವ್ವ ಕೂಗಿದರೂ ಕೇಳಲಿಲ್ಲ.

ಮೂರನೇ ದಿನ ಗಿರಿಜೆ ಶಾಲೆಗೆ ಬಾರದ್ದನ್ನು ನೋಡಿ ಇಂದ್ರಮ್ಮನೇ ಷಡಕ್ಷರಿಯ ಜೊತೆ ಮನೆಗೆ ಬಂದರು. ದಾರಿಯಲ್ಲಿ ಅವನು ಎಲ್ಲವನ್ನೂ ಹೇಳಿದ್ದ.

"ಅವಳು ಊರ್ಗೆ ಹೋಗವ್ಳೆ," ಎಂದಳು ಶಿವನಂಜಮ್ಮ.

"ಇಲ್ಲೇ ಇವ್ನಿ ನರ್ಸಮ್ಮ!" ಹಿತ್ತಲಿಂದ ಗಿರಿಜೆಯ ಕೂಗು ಬಂತು.

ಇಂದ್ರಮ್ಮ ನಗು ತಡೆದುಕೊಂಡು ಇಬ್ಬರ ಕೈಯನ್ನೂ ಮುಟ್ಟಿ, ಅಳೆದು ನೋಡಿದರು. "ಶಿವನಂಜಮ್ಮನೋರೆ, ದೊಡ್ಡ ಊತ ಇರೋನಿಗೆ ಹೊಗಳಿಕೆ, ಚಿಕ್ಕ ಊತದೋಳಿಗೆ ಬೇರೆ ತಟ್ಟೆ. ಇದ್ಯಾವ ನ್ಯಾಯ?"

ಇಂದ್ರಮ್ಮ ಬಿಡಿಸಿ ಹೇಳಿದರು:

"ಇಬ್ರ ಮೈಗೂ ಎಲ್ಲೋ ಒಂದ್ಸಲ ಕ್ಷಯದ ಕ್ರಿಮಿ ಸೇರಿರಬೇಕು. ಮೈ ಅದರ ಗುರುತು ಹಿಡಿದು ಊದಿದೆ. ಊದಿದ ಮಾತ್ರಕ್ಕೇ ಕಾಯಿಲೆ ಅಂತಲ್ಲ."

"ಒಂದೇ ಹೊಟ್ಟೇಲಿ ಹುಟ್ದೋರು, ಒಂದೇ ಅನ್ನ ತಿಂದೋರು. ಊತ ಯಾಕೆ ಬೇರೆ ಬೇರೆ?" ಎಂದು ಕೇಳಿದಳು ಶಿವನಂಜಮ್ಮ.

"ಈ ವಯಸ್ಸಲ್ಲಿ ಗಂಡುಮಕ್ಕಳ ಚರ್ಮ, ಹೆಣ್ಣುಮಕ್ಕಳ ಚರ್ಮ ಎಷ್ಟೋ ಸಲ ಒಂದೇ ತರ ಊದೋದಿಲ್ಲ ಕಣಮ್ಮ. ಯಾಕೆ ಅಂತ ಡಾಕ್ಟರುಗಳೇ ಇನ್ನೂ ಹುಡುಕ್ತಾ ಇದಾರೆ. ದೊಡ್ಡದಾದ್ರೆ ಶಕ್ತಿ, ಚಿಕ್ಕದಾದ್ರೆ ದೋಷ ಅಂತೇನಿಲ್ಲ. ಇಬ್ರನ್ನೂ ಆಸ್ಪತ್ರೆಗೆ ಕರ್ಕೊಂಡು ಬನ್ನಿ."

ಮರುದಿನ ಜಟಕಾ ಹತ್ತಿ ಹೋದರು. ಡಾಕ್ಟರು ಎದೆಯ ಎಕ್ಸ್‌ರೇ ತೆಗೆಸಿ ನೋಡಿ, "ಇಬ್ಬರೂ ಚೆನ್ನಾಗಿದ್ದಾರೆ" ಎಂದರು. ಶಿವನಂಜಮ್ಮ ಅಲ್ಲೇ ಮಗಳನ್ನು ತಬ್ಬಿಕೊಂಡಳು. "ತಪ್ಪಾಯ್ತು ಕಣವ್ವ."

"ಅಂಗಾದ್ರೆ ಒಬ್ಬಟ್ಟು ಮಾಡವ್ವ," ಎಂದಳು ಗಿರಿಜೆ.

ಆ ಸಂಜೆ ಮೂವರೂ ನಡುಮನೆಯಲ್ಲಿ ಕೂತು ಒಬ್ಬಟ್ಟು ತಿನ್ನುವಾಗ ಮಾದೇವಮ್ಮ ಬಂದಳು. "ನಮ್ ಹುಡ್ಗ ದೇವಯ್ಯಂಗೆ ಊದೇ ಇಲ್ಲ, ಸದ್ಯ. ನರ್ಸಮ್ಮ ಇನ್ನೊಂದ್ ಸೂಜಿ ಹಾಕಿಸ್ಬೇಕು ಅಂದವ್ರೆ, ಅದ್ಯಾಕೆ?"

"ಅಯ್ಯೋ, ಊದ್ದೇ ಇರೋರ್ಗೇ ಕ್ಷಯ ತಡೆಯೋ ಬಿ.ಸಿ.ಜಿ. ಲಸಿಕೆ ಬೇಕಾಗಿರೋದು ಕಣ್ರೀ! ಅವ್ರ ಮೈಗೆ ಇನ್ನೂ ಆ ಕ್ರಿಮಿ ಗುರುತಿಲ್ವಂತೆ, ಆಸ್ಪತ್ರೇಲಿ ಡಾಕ್ಟ್ರೇ ಹೇಳಿದ್ರು. ನಾಳೆ ನಾನೇ ಬತ್ತೀನಿ ನಿಮ್ ಜೊತೆ, ನಡೀರಿ," ಎಂದು ಶಿವನಂಜಮ್ಮ ಅವಳ ಕೈಗೂ ಒಂದು ಒಬ್ಬಟ್ಟು ಇಟ್ಟಳು.

ತಾಯಂದಿರೇ, ತಂದೆಯರೇ, ಪರೀಕ್ಷೆಯಾದ ಮೂರನೇ ದಿನ ಮಗನ ಕೈಯನ್ನೂ ಮಗಳ ಕೈಯನ್ನೂ ತಪ್ಪದೆ ತೋರಿಸಿ. ಊದಿದ್ದರೆ ಹೆದರಬೇಡಿ, ಡಾಕ್ಟರನ್ನು ಕಾಣಿ. ಊದದಿದ್ದರೆ ಲಸಿಕೆ ಹಾಕಿಸಿ. ಮಗಳನ್ನು ಮಾತ್ರ ಹಿತ್ತಲಲ್ಲಿ ಬಚ್ಚಿಡಬೇಡಿ.